ದಾಖಲೆಯಿಲ್ಲದ ವಲಸಿಗನೂ ನಮ್ಮ ಭಯವೂ

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿರುವವರು ಬಾಂಗ್ಲಾದೇಶದಿಂದ ನುಸುಳಿ ಬಂದವರೆಂಬುದು ಆರೋಪ. ಬೀದಿಗೆ ಬಿದ್ದವರಲ್ಲಿ ಅನೇಕರು ಅಸ್ಸಾಂ, ತ್ರಿಪುರ, ಪಶ್ಚಿಮ ಬಂಗಾಳಗಳವರು. ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಗುರುತಿನ ಚೀಟಿಗಳನ್ನು ಅವರು ಕೈಯಲ್ಲೇ ಹಿಡಿದು ತೋರಿಸಿದರು. ಉಚ್ಚ ನ್ಯಾಯಾಲಯವು ಮುಂದಿನ ತೆರವಿಗೆ ತಡೆ ನೀಡಿತಾದರೂ ಅಷ್ಟರಲ್ಲಿ ಸೂರುಗಳು ಉರುಳಿದ್ದವು.

ದಾಖಲೆಯಿಲ್ಲದಿರುವುದು ಕಣ್ಣಿಗೆ ಕಾಣುವ ಲಕ್ಷಣವಲ್ಲ. ಆದ್ದರಿಂದ ಮನಸ್ಸು ಅದರ ಬದಲಿಗೆ ಕಾಣುವ ಗುರುತುಗಳನ್ನು ಹಿಡಿಯುತ್ತದೆ: ನುಡಿ, ಉಡುಪು, ಹೆಸರು, ತಗಡಿನ ಮನೆ. 'ನುಸುಳುಕೋರ' ಎಂಬ ಪದವು ಮೊದಲು ಹುಟ್ಟುತ್ತದೆ. ಅದಕ್ಕೆ ಹೊಂದುವ ಮುಖವನ್ನು ಆಮೇಲೆ ಹುಡುಕಲಾಗುತ್ತದೆ. ನಾತ್ಸಿಗಳ ಕೈಯಲ್ಲಿ ತನ್ನ ಬಂಧುಗಳನ್ನು ಕಳೆದುಕೊಂಡಿದ್ದ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್, 1970ರ ಸುಮಾರಿಗೆ ಶಾಲಾ ಬಾಲಕರನ್ನು ಕ್ಷುಲ್ಲಕ ಕಾರಣಕ್ಕೆ ಎರಡು ಗುಂಪಾಗಿಸಿದರು. ಹಣ ಹಂಚುವಾಗ ಬಾಲಕರು ಮುಖ ತಿಳಿಯದ ತಮ್ಮ ಗುಂಪಿನವರಿಗೇ ಒಲಿದರು.

ಭಯವೂ ಒಂದೇ ಬಗೆಯದಲ್ಲ. ಕೂಲಿ, ಪಡಿತರ, ಬಾಡಿಗೆ ಮನೆ ಕೈತಪ್ಪೀತೆಂಬುದು ಒಂದು. ನಮ್ಮ ನುಡಿ, ನಡೆ ಅಳಿದೀತೆಂಬುದು ಮತ್ತೊಂದು. ಎರಡನೆಯದು ಎಷ್ಟೋ ವೇಳೆ ಮೊದಲನೆಯದರ ವೇಷ ತೊಟ್ಟು ಬರುತ್ತದೆ. ಹಾಗೆಂದು ದಿನಗೂಲಿಯವನ ಆತಂಕವನ್ನು ಬಲಿಪೀಠದ ಬಳಿ ನಿಂತು ದ್ವೇಷವೆಂದು ಜರೆಯುವುದು ಸರಿಯಲ್ಲ. ಗುರುಗಳಾದ ನಾವು ಪ್ರಬೋಧನೆಗಳಲ್ಲಿ ಆ ತಪ್ಪನ್ನು ಮಾಡಿದ್ದೇವೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು (ಖಂಡಿಕೆ 2241) ಪರದೇಶಿಯನ್ನು ಬರಮಾಡಿಕೊಳ್ಳುವ ಹೊಣೆಯನ್ನೂ ವಲಸೆಗೆ ಕಟ್ಟಳೆ ವಿಧಿಸುವ ಸರ್ಕಾರದ ಅಧಿಕಾರವನ್ನೂ ಒಟ್ಟಿಗೇ ಹೇಳುತ್ತದೆ. ಯಾಜಕಕಾಂಡ 19:34 ಇನ್ನೂ ಆಳಕ್ಕಿಳಿಯುತ್ತದೆ: ಇಸ್ರಯೇಲರಿಗೆ ಅವರದೇ ಪರದೇಶವಾಸವನ್ನು ನೆನಪಿಸಿ, 'ನಾವು' ಎಂಬುದರ ಗಡಿಯನ್ನೇ ಹಿಗ್ಗಿಸುತ್ತದೆ.

ಒಡನಾಟದಿಂದ ಪೂರ್ವಗ್ರಹ ಕರಗುತ್ತದೆಂದು ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ವಾದಿಸಿದರು. ಆದರೆ ಅದಕ್ಕೆ ಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಅಧಿಕಾರದಲ್ಲಿರುವವರ ಬೆಂಬಲ ಬೇಕು. ಈ ಕೊನೆಯ ಮಾತಿಗೆ ಮಾಗಡಿ ಸೀಮೆಯ ಕಲ್ಯದಲ್ಲೇ ಒಂದು ಕಲ್ಲು ಸಾಕ್ಷಿಯಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಒಪ್ಪಿಸಿದನೆಂದು 1368ರ ಆ ಶಾಸನ ಹೇಳುತ್ತದೆ. ಅದು ವಲಸಿಗರ ವಿಷಯವಲ್ಲ, ನಿಜ. ಆದರೂ ಅಳುಕುತ್ತಿದ್ದ ಅಲ್ಪಸಂಖ್ಯಾತರ ಕೈ ಹಿಡಿದವನು ಅರಸ.

ಸಮಾನ ಸ್ಥಾನವೇ ಎಲ್ಲಕ್ಕಿಂತ ದುರ್ಲಭ. ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಹಳೆಯ ವಿದ್ಯಾರ್ಥಿನಿಲಯವೊಂದನ್ನು ಅಕ್ರಮ ವಲಸಿಗರ ಬಂಧನ ಕೇಂದ್ರವಾಗಿಸಲಾಗಿದೆ. ಅಂಥ ಗೋಡೆಯ ಒಳಗಿರುವವರೊಡನೆ ಒಡನಾಟವೆಲ್ಲಿಯದು? ನಮಗೆ ಎಟಕುವವರು ಬಿಡದಿಯ ಕಾರ್ಖಾನೆಗಳಿಗೆ ದುಡಿಯಲು ಬಂದ ಹೊರ ರಾಜ್ಯದವರು. ಅವರು ಈ ದೇಶದ ಪೌರರೇ. ಆದರೂ ಭಾನುವಾರದ ಬಲಿಪೂಜೆಯಲ್ಲಿ ಬಾಗಿಲ ಬಳಿಯೇ ನಿಲ್ಲುತ್ತಾರೆ. ಮುಂದೆ ಬನ್ನಿರೆಂದು ನಾವೂ ಕರೆದಿಲ್ಲ.