ಅಂಗೈಯಗಲದ ಮುಖ, ಅರಮನೆಯ ಅನ್ನ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಹನ್ನೆರಡನೆಯ ಶತಮಾನದಲ್ಲಿ ಬೇಲೂರಿಗೆ ಹೋಗಿ, ಹೊಯ್ಸಳ ವಿಷ್ಣುವರ್ಧನನ ದೇಗುಲಕ್ಕೆ ಮದನಿಕೆಯರನ್ನು ಕಡೆದರು. ಶಿಲ್ಪಗಳ ಕೆಳಗೆ ತಮ್ಮ ಹೆಸರನ್ನೂ ಕೊರೆದರು. ಕುಶಲಿಯ ಕೈಗೆ ದೊರೆಯ ಹಣ ಕೂಡಿದಾಗ ದೊಡ್ಡ ಕಲೆ ಹುಟ್ಟುತ್ತದೆ ಎಂಬುದನ್ನು ನಾವೆಲ್ಲ ಓದಿದ್ದೇವೆ. ಆದರೆ ಹಾಗೆ ದುಡಿದವರ ಬದುಕು ಹೇಗಿತ್ತು? ದೊರೆಗಳ ಮುಖವನ್ನು ಅಂಗೈಯಗಲದಲ್ಲಿ ಬರೆದ ಇಬ್ಬರು ಚಿತ್ರಕಾರರನ್ನು ನೋಡೋಣ.

ಮೊದಲನೆಯವನು ಇಂಗ್ಲೆಂಡಿನ ನಿಕೊಲಸ್ ಹಿಲಿಯರ್ಡ್. ಎಕ್ಸೆಟರ್ ಊರಿನ ಅಕ್ಕಸಾಲಿಯ ಮಗ; ತಾನೂ ಅದೇ ಕಸುಬು ಕಲಿತವನು. 1572ರಲ್ಲಿ ಅವನು ಬರೆದ ರಾಣಿ ಒಂದನೆಯ ಎಲಿಜಬೆತ್‌ಳ ಚಿತ್ರದ ಎತ್ತರ ಸುಮಾರು 5 ಸೆಂಟಿಮೀಟರ್. ನಯಗೊಳಿಸಿದ ತೆಳು ಚರ್ಮವನ್ನು ಇಸ್ಪೀಟಿನ ಎಲೆಗೆ ಅಂಟಿಸಿ, ಅದರ ಮೇಲೆ ಜಲವರ್ಣದಲ್ಲಿ ಬರೆಯುವುದು ಅವನ ಕ್ರಮ. ಬಟ್ಟೆಯ ನೂಲಿನ ಎಳೆ ಉದುರದಂತೆ ರೇಷ್ಮೆ ತೊಡಬೇಕು, ತಲೆಯ ಹೊಟ್ಟು ಬೀಳಬಾರದು, ಚಿತ್ರದ ಮೇಲೆ ಬಾಗಿ ಮಾತಾಡಿ ಎಂಜಲು ಸಿಡಿಸಬಾರದು ಎಂದು ಅವನು ತನ್ನ ಗ್ರಂಥದಲ್ಲಿ ಎಚ್ಚರಿಸಿದ್ದಾನೆ. ಆಭರಣಗಳ ಹೊಳಪಿಗೆ ಬೆಳ್ಳಿ ಬಳಸುತ್ತಿದ್ದ. ಗಾಳಿಯಲ್ಲಿನ ಗಂಧಕದ ಸಂಯುಕ್ತಗಳೊಡನೆ ಸೇರಿ ಆ ಬೆಳ್ಳಿ ಈಗ ಅನೇಕ ಚಿತ್ರಗಳಲ್ಲಿ ಕಪ್ಪಾಗಿದೆ.

1599ರಲ್ಲಿ ರಾಣಿ ಅವನಿಗೆ ವರ್ಷಕ್ಕೆ 40 ಪೌಂಡು ವೇತನ ಗೊತ್ತುಮಾಡಿದಳು. ಆದರೂ ಸಾಲ ಬೆನ್ನು ಬಿಡಲಿಲ್ಲ. 1617ರಲ್ಲಿ ಮುಂದಿನ ದೊರೆ ಜೇಮ್ಸ್, ರಾಜನ ಭಾವಚಿತ್ರಗಳನ್ನು ಮಾಡುವ ವಿಶೇಷ ಹಕ್ಕನ್ನು ಅವನಿಗೆ ಕೊಟ್ಟ. ಅದೇ ವರ್ಷ ಸಾಲದ ಕಾರಣಕ್ಕೆ ಅವನು ಸೆರೆಮನೆಯನ್ನೂ ಕಂಡ. 1619ರಲ್ಲಿ ತೀರಿಕೊಂಡ. ಆಸ್ಥಾನದ ಕೀರ್ತಿ ಊಟದ ಖಾತರಿಯಾಗಿರಲಿಲ್ಲ.

1700ರ ಸುಮಾರಿಗೆ ವೆನಿಸ್‌ನ ರೊಸಾಲ್ಬ ಕರಿಯೇರಾ ಎಂಬ ಚಿತ್ರಕಾರ್ತಿ ಚರ್ಮದ ಬದಲು ದಂತದ ತೆಳು ಹಾಳೆಯನ್ನು ಬಳಕೆಗೆ ತಂದಳು. ಇದರಲ್ಲಿ ಒಂದು ವಿಜ್ಞಾನವಿದೆ. ದಂತ ಅರೆಪಾರದರ್ಶಕ. ಬೆಳಕು ತೆಳುವಾದ ಬಣ್ಣವನ್ನು ಹಾದು ದಂತದೊಳಕ್ಕೆ ಇಳಿದು, ಚದುರಿ, ಮತ್ತೆ ಹೊರಬರುತ್ತದೆ. ನಮ್ಮ ಚರ್ಮದಲ್ಲಿಯೂ ಬೆಳಕು ಹೀಗೆಯೇ ವರ್ತಿಸುವುದರಿಂದ ಚಿತ್ರದ ಕೆನ್ನೆಗೆ ಜೀವಕಳೆ ಬರುತ್ತದೆ. ಆದರೆ ದಂತದ ನುಣುಪಿನ ಮೇಲೆ ನೀರುಬಣ್ಣ ಸುಲಭವಾಗಿ ನಿಲ್ಲದು. ಅದನ್ನು ಉಜ್ಜಿ ಜಿಡ್ಡು ತೆಗೆದು, ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು ಬರೆಯಬೇಕು.

ಇಂಥ ದಂತದ ಭಾವಚಿತ್ರಗಳನ್ನು ಬರೆದ ಕನ್ನಡಿಗ ಕೆ. ವೆಂಕಟಪ್ಪ (1886–1965). ಮೈಸೂರಿನ ಚಿತ್ರಗಾರ ಮನೆತನದ ಇವರು ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹ ಪಡೆದು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅಲ್ಲಿ ನಂದಲಾಲ್ ಬೋಸ್ ಅವರ ಜೊತೆಗಾರರು. ಮರಳಿ ಬಂದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಊಟಿ, ಕೊಡೈಕೆನಾಲ್‌ಗಳ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದರು. ಮದುವೆಯಾಗದೆ ಕಲೆಯನ್ನೇ ಸಂಸಾರ ಮಾಡಿಕೊಂಡು, ದಿನಚರಿ ಬರೆದಿಟ್ಟ ಶಿಸ್ತಿನ ಮನುಷ್ಯ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. 1947ರ ನಂತರ ಅರಸೊತ್ತಿಗೆಯೂ ಹೋಯಿತು. ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿ ಅವರ ಹೆಸರನ್ನು ಹೊತ್ತಿದೆ.

ಆಶ್ರಯದಾತ ಹೋದರೆ ಕಲೆಗೆ ಒಂದು ಪೆಟ್ಟು. ಸಾಮಗ್ರಿ ಹೋದರೆ ಇನ್ನೊಂದು. ಸೊರಬ, ಸಾಗರಗಳ ಗುಡಿಗಾರರಿಗೆ ಇದು ಚೆನ್ನಾಗಿ ಗೊತ್ತು. ಶ್ರೀಗಂಧದಲ್ಲಿ, ಹಿಂದೆ ದಂತದಲ್ಲಿಯೂ, ಬೆರಳಗಲದ ಜಾಗದಲ್ಲಿ ಬಳ್ಳಿ, ಹೂವು, ದೇವತೆಗಳನ್ನು ಕೆತ್ತಿದ ಮನೆತನಗಳಿವು. ಆನೆಗಳನ್ನು ಉಳಿಸಲು 1986ರ ಕಾಯಿದೆ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರಲ್ಲಿ ಆಫ್ರಿಕಾದ ದಂತಕ್ಕೂ ನಿಷೇಧ ಬಂತು. ಅದು ಸರಿಯಾದ ನಿರ್ಧಾರವೇ. ಒಂದು ಮುಖದ ಹೊಳಪಿಗೆ ಒಂದು ಆನೆಯ ಪ್ರಾಣ ಸಮವಲ್ಲ. ಶ್ರೀಗಂಧದ ಕಥೆ ಬೇರೆ. ಮರ ಕಡಿಮೆಯಾಗಿದೆ, ಆದರೆ ಮತ್ತೆ ಬೆಳೆಸಬಹುದು. 2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಜಮೀನಿನ ಒಡೆಯನೇ ತನ್ನ ನೆಲದ ಗಂಧದ ಮರಕ್ಕೂ ಒಡೆಯ.

ರಾಣಿಯೂ ಮಹಾರಾಜರೂ ಇಲ್ಲದ ಈ ಕಾಲದಲ್ಲಿ ಇಂಥ ಕೈಗಳಿಗೆ ಅನ್ನ ಕೊಡುವ ದೊರೆ ಯಾರು? ಕೊಳ್ಳುವವರು, ಕಲಿಯುವವರು, ಮರ ನೆಡುವವರು, ಅಂದರೆ ನಾವೇ. ಸೊರಬದಲ್ಲಿ ಗುಡಿಗಾರರ ಮನೆಯ ಮುಂದೆ ಹಾದುಹೋದಾಗ ಒಳಗೆ ಹೋಗಿ, ಅನುಮತಿ ಕೇಳಿ, ಆ ಉಳಿಯ ಕೆಲಸವನ್ನು ಅರ್ಧ ಗಂಟೆ ನೋಡಿ. ಕೆತ್ತಿದವರ ಹೆಸರನ್ನೂ ಕೇಳಿ ಬರೆದುಕೊಳ್ಳಿ.