ಹಿತ್ತಾಳೆಯ ವಾದ್ಯಕ್ಕೆ ಕರಾವಳಿಯ ಉಸಿರು

ಅಮೆರಿಕದ ಹಾಡು ಎಂದೊಡನೆ ಕಿವಿ ಮುಚ್ಚಿಕೊಳ್ಳುವ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ರಾತ್ರಿ ಅಡಿಗೆಮನೆ ತೊಳೆದಾದ ಮೇಲೆ ಫೋನಿಗೆ ಕಿವಿಗೊಟ್ಟು ಅದನ್ನೇ ಆಲಿಸುತ್ತ ನಿದ್ರೆಹೋಗುವ ತರುಣರೂ ಇದ್ದಾರೆ. ಮದರಾಸಿಗೆ ಬಂದು ನೆಲೆಸಿದ ಕನ್ನಡಿಗರ ಮಕ್ಕಳ ಬಾಯಿಂದ ತಾಯ್ನುಡಿ ಜಾರಿಹೋಗುತ್ತಿರುವುದಕ್ಕೆ ಈ ಪರದೇಶದ ಹಾಡುಗಳೇ ಕಾರಣವೆಂದು ದೂರುವವರನ್ನು ನಾವು ಕಂಡಿದ್ದೇವೆ. ಈ ದೂರು ಎಷ್ಟರಮಟ್ಟಿಗೆ ನಿಜ? ಇದನ್ನು ವಿಚಾರಮಾಡುವುದಕ್ಕೆ ನಮ್ಮವರೇ ಆದ ಒಬ್ಬ ಕಲಾವಿದರ ಜೀವನವು ಒಳ್ಳೆಯ ದೃಷ್ಟಾಂತವಾಗಿದೆ. ಅವರೇ ಸ್ಯಾಕ್ಸೋಫೋನ್ ವಿದ್ವಾನ್ ಕದ್ರಿ ಗೋಪಾಲನಾಥರು.

ಮೊದಲು ಆ ವಾದ್ಯದ ಪೂರ್ವೋತ್ತರವನ್ನು ತಿಳಿಯೋಣ. ಸ್ಯಾಕ್ಸೋಫೋನ್ ಹುಟ್ಟಿದ್ದು ಅಮೆರಿಕದಲ್ಲಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬವನು ಅದನ್ನು ನಿರ್ಮಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದನು. ಅದರ ಮೈ ಹಿತ್ತಾಳೆಯದು, ಆದರೆ ತುಟಿಗೆ ತಾಗುವಲ್ಲಿ ಜೊಂಡಿನಿಂದ ಮಾಡಿದ ತೆಳುವಾದ ನಾಲಗೆಯೊಂದಿದೆ. ಸೈನ್ಯದ ಬ್ಯಾಂಡುಗಳಲ್ಲಿ ಶಿಸ್ತಿನಿಂದ ಊದಲ್ಪಡುತ್ತಿದ್ದ ಈ ವಾದ್ಯಕ್ಕೆ ಹೃದಯದ ಮಾತನ್ನು ಕಲಿಸಿದವರು ಅಮೆರಿಕದಲ್ಲಿದ್ದ ಆಫ್ರಿಕ ಮೂಲದ ಜನರು.

ಹಡಗುಗಳಲ್ಲಿ ಗುಲಾಮರಾಗಿ ಸಾಗಿಸಲ್ಪಟ್ಟವರ ಸಂತತಿಗೆ ಆ ದೇಶದಲ್ಲಿ 1865ರ ಶಾಸನದಿಂದ ಬಿಡುಗಡೆ ದೊರೆಯಿತು. ಹೊಲದಲ್ಲಿ ದುಡಿಯುವಾಗ ಒಬ್ಬನು ಹಾಡಿದರೆ ಉಳಿದವರು ದನಿಗೂಡಿಸುವ ಪದ್ಧತಿ, ಇಗರ್ಜಿಯ ಪ್ರಾರ್ಥನೆ, ಬ್ಲೂಸ್ ಎಂಬ ಸಂಕಟದ ಹಾಡು, ಇವೇ ಅವರ ಆಸ್ತಿಯಾಗಿದ್ದವು. ಒಡೆಯರ ದೇಶದ ವಾದ್ಯಗಳನ್ನು ಕೈಗೆತ್ತಿಕೊಂಡು ಅವರು ತಮ್ಮ ಅಳಲನ್ನೂ ನಗೆಯನ್ನೂ ಅವುಗಳಲ್ಲಿ ನುಡಿಸಿದರು. ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಜಾಜ್ ಸಂಗೀತವು ಬೆಳೆದದ್ದು ಹೀಗೆ. 1917ರಲ್ಲಿ ಜಾಜಿನ ಮೊದಲನೆಯ ಗ್ರಾಮಫೋನ್ ತಟ್ಟೆ ಹೊರಬಂದಾಗ ಅದನ್ನು ನುಡಿಸಿದವರು ಬಿಳಿಯರೇ ಆಗಿದ್ದರೆಂಬುದು ವಿಚಿತ್ರವಾದರೂ ಸತ್ಯ. 1920ರಲ್ಲಿ ಮೇಮಿ ಸ್ಮಿತ್ ಎಂಬಾಕೆಯ ಬ್ಲೂಸ್ ತಟ್ಟೆ ಅಪಾರವಾಗಿ ಮಾರಾಟವಾದ ಬಳಿಕವೇ ಕಂಪನಿಗಳ ಕಣ್ಣು ತೆರೆಯಿತು. ಮುಂದೆ ಕೋಲ್ಮನ್ ಹಾಕಿನ್ಸ್, ಚಾರ್ಲಿ ಪಾರ್ಕರ್ ಮೊದಲಾದವರ ಕೈಯಲ್ಲಿ ಸ್ಯಾಕ್ಸೋಫೋನ್ ಜಾಜಿನ ಮುಖ್ಯ ಕಂಠವಾಯಿತು. 1954ರಿಂದಾಚೆಗೆ ಬಿಲ್ ಹೇಲಿ, ಎಲ್ವಿಸ್ ಪ್ರೀಸ್ಲಿ ಮುಂತಾದವರು ಜಗತ್ತನ್ನೇ ಕುಣಿಸಿದ ರಾಕ್ ಎಂಡ್ ರೋಲ್‌ನ ಬೇರುಗಳಲ್ಲಿಯೂ ಅದೇ ಜನರ ಹಾಡಿದೆ. ಅವರು ಪಟ್ಟ ಪಾಡಿಗೂ ನಮ್ಮ ಕಷ್ಟಕ್ಕೂ ಹೋಲಿಕೆಯಿಲ್ಲ. ಆದರೂ ಹುಟ್ಟಿದ ನೆಲದಿಂದ ದೂರ ದುಡಿಯುವವನಿಗೆ ಹಾಡು ಎಷ್ಟು ದೊಡ್ಡ ಆಸರೆಯೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಈ ಸಂಗೀತವು ನಮ್ಮ ಕಿವಿಗೆ ಬಿದ್ದದ್ದು ಹೆಚ್ಚಾಗಿ ಸಿನಿಮಾದ ಬಾಗಿಲಿನಿಂದ. ಕನ್ನಡ ಚಿತ್ರಗೀತೆಗಳು ಬಹುಕಾಲ ಧ್ವನಿಮುದ್ರಣಗೊಂಡದ್ದು ಇದೇ ಮದರಾಸಿನಲ್ಲಿ. ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರ ಸಹಾಯಕರಾಗಿ ಹಲವು ಕನ್ನಡ ಚಿತ್ರಗಳಿಗೆ ದುಡಿದ ಇಳಯರಾಜರು ಪಾಶ್ಚಾತ್ಯ ಸಂಗೀತವನ್ನು ಧನರಾಜ್ ಮಾಸ್ಟರರಲ್ಲಿ ಅಭ್ಯಾಸಮಾಡಿದ್ದು ನಮ್ಮ ಮೈಲಾಪುರದಲ್ಲಿಯೇ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಅದೇ ವೆಂಕಟೇಶರ ಸಂಗೀತಕ್ಕೆ ರಾಜಕುಮಾರರು ಒಂದು ಇಂಗ್ಲಿಷ್ ಹಾಡನ್ನೇ ಹಾಡಿದರು. ಅದರಿಂದ ರಾಜಕುಮಾರರ ಕನ್ನಡಕ್ಕೆ ಕುಂದು ಬಂದಿತೆಂದು ಹೇಳುವ ಧೈರ್ಯ ಯಾರಿಗಿದೆ?

ಇನ್ನು ಗೋಪಾಲನಾಥರ ವಿಷಯಕ್ಕೆ ಬರೋಣ. ಅವರು ಬಂಟವಾಳ ತಾಲ್ಲೂಕಿನ ಸಜೀಪಮೂಡದವರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮನೆಯ ವಾದ್ಯವನ್ನು ಕಲಿಯುತ್ತಿದ್ದ ಎಳೆಯ ವಯಸ್ಸಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಅವರು ಮಾರುಹೋದರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರರಲ್ಲಿ ಪಾಠವಾಯಿತು. ಬಳಿಕ ನಮ್ಮಲ್ಲಿ ಅನೇಕರು ಹಿಡಿದ ದಾರಿಯನ್ನೇ ಹಿಡಿದು ಮದರಾಸಿಗೆ ಬಂದು, ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು.

ಅವರು ಕೈಗೊಂಡ ಕಾರ್ಯವು ಸುಲಭವಾದುದಾಗಿರಲಿಲ್ಲ. ನಾಗಸ್ವರದ ರಂಧ್ರಗಳನ್ನು ಬೆರಳಿನಿಂದ ಅರೆ ಮುಚ್ಚಿ, ಅರೆ ತೆರೆದು ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ರಂಧ್ರಗಳನ್ನು ಮುಚ್ಚುವುದು ಬೆರಳಲ್ಲ, ಕೀಲಿಗಳು. ಸ್ವರಗಳು ಮೆಟ್ಟಿಲುಗಳಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ತೋಡಿಯ ಗಾಂಧಾರವನ್ನು ತೂಗಬೇಕಾದರೆ ತುಟಿ ಮತ್ತು ಉಸಿರುಗಳಿಂದಲೇ ಗಮಕವನ್ನು ಹುಟ್ಟಿಸಬೇಕು. ಇದಕ್ಕೆ ಅವರು ಅನೇಕ ವರ್ಷ ತಪಸ್ಸನ್ನೇ ಮಾಡಿದರು. ಕಪಾಲೀಶ್ವರ ದೇವಾಲಯದ ಸುತ್ತಣ ರಸಿಕರು ಗಮಕದ ವಿಷಯದಲ್ಲಿ ದಾಕ್ಷಿಣ್ಯ ತೋರುವವರಲ್ಲ. ಆದರೆ ಒಮ್ಮೆ ಒಪ್ಪಿದರೆ ವಾದ್ಯದ ಜಾತಿಯನ್ನು ಕೇಳುವವರೂ ಅಲ್ಲ. ಪಿಟೀಲು ಸಹ ಯೂರೋಪಿನದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿಗಳು ಇದೇ ಊರಿನ ಬಳಿಯ ಮಣಲಿಯಲ್ಲಿ ಅದನ್ನು ಕಲಿತು ನಮ್ಮದಾಗಿಸಿದರು. ಇಂದು ಪಿಟೀಲಿಲ್ಲದ ಕಚೇರಿ ಅಪರೂಪ.

1980ರಲ್ಲಿ ಬೊಂಬಾಯಿಯ ಜಾಜ್ ಉತ್ಸವದಲ್ಲಿ ಗೋಪಾಲನಾಥರ ವಾದನವನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ತಾವಾಗಿಯೇ ಮುಂದೆ ಬಂದು ಅವರೊಡನೆ ನುಡಿಸುವ ಇಚ್ಛೆಯನ್ನು ತಿಳಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಸಂಗೀತೋತ್ಸವಕ್ಕೆ ಅವರಿಗೆ ಆಹ್ವಾನ ಬಂದಿತು. ಅದೇ ವರ್ಷ ಕೆ. ಬಾಲಚಂದರರ ‘ಡ್ಯುಯೆಟ್’ ಚಿತ್ರದಲ್ಲಿ ಎ. ಆರ್. ರೆಹಮಾನರ ಸಂಗೀತಕ್ಕೆ ಅವರು ನುಡಿಸಿದ ಸ್ಯಾಕ್ಸೋಫೋನ್ ತಮಿಳುನಾಡಿನ ಚಹದ ಅಂಗಡಿಗಳಲ್ಲಿಯೂ ಮೊಳಗಿತು. 2004ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡರು.

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದ ಸಂಗತಿ ಇನ್ನೊಂದಿದೆ. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ಜಾಜ್ ಸ್ಯಾಕ್ಸೋಫೋನ್ ವಾದಕರಿದ್ದಾರೆ. ಹೆಸರೇ ಅವರ ಹಿರಿಯರ ನಾಡನ್ನು ಸಾರುತ್ತದೆ. ಚಾರ್ಲಿ ಪಾರ್ಕರನ ಪರಂಪರೆಯಲ್ಲಿ ಪಳಗಿದ ಈ ತರುಣರು ತಮ್ಮ ಹಿರಿಯರ ಸಂಗೀತವನ್ನು ಅರಸುತ್ತ ಗೋಪಾಲನಾಥರ ಬಳಿಗೆ ಬಂದರು. ಇಬ್ಬರೂ ಕೂಡಿ ನುಡಿಸಿದ ಧ್ವನಿಮುದ್ರಿಕೆ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಹೆಸರಿನಿಂದ ಹೊರಬಂದಿತು. ಬಂಧುಗಳು ಎಂದು ಅದರ ಅರ್ಥ. ವಾದ್ಯವು ಒಂದೇ, ಕಲಿತ ವಿದ್ಯೆಗಳು ಎರಡು, ಕೂಡಿಸಿದ್ದು ಮೂಲದ ನೆನಪು. ಗೋಪಾಲನಾಥರು ಪಾರ್ಕರನನ್ನು ಅನುಕರಿಸಿದ್ದರೆ, ಪಾರ್ಕರನ ದೇಶದಿಂದ ಯಾರಾದರೂ ಅವರನ್ನು ಹುಡುಕಿಕೊಂಡು ಬರುತ್ತಿದ್ದರೇ?

ಆದುದರಿಂದ ಪರದೇಶದ ಹಾಡಿನ ಮೇಲೆ ದೂರು ಹೊರಿಸುವ ಮೊದಲು ನಮ್ಮ ಮನೆಗಳನ್ನು ನೋಡಿಕೊಳ್ಳುವುದು ಲೇಸು. ಅರಮನೆಯ ಬ್ಯಾಂಡಿಗೂ ಮುಂಚೆ ಗೋಪಾಲನಾಥರ ಕಿವಿಗೆ ಬಿದ್ದದ್ದು ತಂದೆಯ ನಾಗಸ್ವರ. ಅದು ಗಟ್ಟಿಯಾಗಿ ನೆಲೆಗೊಂಡಿದ್ದುದರಿಂದಲೇ ಪರದೇಶದ ವಾದ್ಯವು ಅವರ ಮಾತನ್ನು ಕೇಳಿತು. ನಮ್ಮ ಮಕ್ಕಳು ಹೊರಗೆ ಯಾವ ಹಾಡನ್ನು ಕೇಳಿದರೂ ಚಿಂತೆಯಿಲ್ಲ, ಮನೆಯೊಳಗೆ ಕನ್ನಡದ ಮಾತನ್ನು ಕೇಳುತ್ತಿದ್ದಾರೆಯೇ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ತಂದೆತಾಯಿಗಳು.

ಡಿಸೆಂಬರಿನ ಸಂಗೀತೋತ್ಸವದಲ್ಲಿ ಮೈಲಾಪುರದ ಸಭೆಗಳ ಮಧ್ಯಾಹ್ನದ ಕಚೇರಿಗಳಿಗೆ ಸಾಮಾನ್ಯವಾಗಿ ಟಿಕೆಟ್ಟಿಲ್ಲ. ಊಟದ ವೇಳೆ ಮುಗಿದು ಸಂಜೆಯ ತಿಂಡಿ ಆರಂಭವಾಗುವುದಕ್ಕೆ ಮುನ್ನ ನಮ್ಮ ಹೋಟೆಲಿನ ಬಂಧುಗಳಿಗೆ ಬಿಡುವಿರುವುದೂ ಆ ಹೊತ್ತಿನಲ್ಲಿಯೇ. ಹೋಗಿ ಕುಳಿತು ಕೇಳಿರಿ. ರಜೆಯ ದಿನವಾದರೆ ಮಕ್ಕಳನ್ನೂ ಕರೆದೊಯ್ಯಿರಿ.