ಕಾಲೇಜು ಪಾಠ ಆನ್‌ಲೈನ್‌ಗೆ: 50 ಆ್ಯಪ್‌ಗಳ ಫಾರ್ವರ್ಡ್ ಹಂಚುವ ಮೊದಲು ಇದನ್ನು ಓದಿ

ಹೊಸ ಸೆಮಿಸ್ಟರ್ ಹತ್ತಿರ ಬಂದಾಗ ಉಪನ್ಯಾಸಕರ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಬಗೆಯ ಫಾರ್ವರ್ಡ್ ಓಡಾಡುತ್ತದೆ: ಆನ್‌ಲೈನ್ ಪಾಠಕ್ಕೆ ಬೇಕಾದ 50 ಉಚಿತ ಆ್ಯಪ್‌ಗಳು. ವಿಡಿಯೊ ಕರೆಗೆ ಇಷ್ಟು, ಕ್ವಿಜ್‌ಗೆ ಇಷ್ಟು, ಪ್ರತಿಯೊಂದರ ಮುಂದೆ ಒಂದು ನೀಲಿ ಲಿಂಕ್, ಕೊನೆಯಲ್ಲಿ ಎಲ್ಲ ಶಿಕ್ಷಕರಿಗೂ ತಲುಪಿಸಿ ಎಂಬ ಕೋರಿಕೆ.

ಇಂಥ ಪಟ್ಟಿಗಳು ಸಾಮಾನ್ಯವಾಗಿ ಸುಳ್ಳಲ್ಲ. ಅವುಗಳಲ್ಲಿರುವ ಹೆಚ್ಚಿನ ಆ್ಯಪ್‌ಗಳು ನಿಜಕ್ಕೂ ಇವೆ, ಕೆಲಸವನ್ನೂ ಮಾಡುತ್ತವೆ. ತೊಂದರೆ ಇರುವುದು 'ಉಚಿತ' ಎಂಬ ಪದದಲ್ಲಿ. ಪಾಠ ಮಾಡುವವರಿಗೆ ಉಚಿತ, ಸರಿ. ಪಾಠ ಕೇಳುವ ಹುಡುಗ ಹುಡುಗಿಯರ ಡೇಟಾ ಪ್ಯಾಕ್‌ನಿಂದ ಎಷ್ಟು ಹೋಗುತ್ತದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಆ ಲೆಕ್ಕ ಹಾಕಿ ನೋಡಿದರೆ 50ರಲ್ಲಿ ನಾಲ್ಕೈದು ಸಾಕು ಎನ್ನಿಸುತ್ತದೆ. ಎಲ್ಲರೂ ಮೊದಲು ಶುರು ಮಾಡುವ ಲೈವ್ ವಿಡಿಯೊ ಕ್ಲಾಸ್ ಅವುಗಳಲ್ಲಿ ಕೊನೆಯ ಸ್ಥಾನಕ್ಕೆ ಹೋಗುತ್ತದೆ.

ಮೊದಲು, ಈ 40% ಗೊಂದಲ

'ಇನ್ನು ಕಾಲೇಜು ವಾರಕ್ಕೆ ಮೂರೇ ದಿನ, 40% ಪಾಠ ಆನ್‌ಲೈನ್' ಎಂಬ ಮಾತು ಕೇಳಿರುತ್ತೀರಿ. ಇದರಲ್ಲಿ ಎರಡು ಬೇರೆ ಬೇರೆ 40% ಕಲಸಿಹೋಗಿವೆ.

ಮೊದಲನೆಯದು ಯುಜಿಸಿ 2021ರ ಮೇ ತಿಂಗಳಲ್ಲಿ ಹೊರತಂದ ಮಿಶ್ರ ಕಲಿಕೆಯ ಪರಿಕಲ್ಪನಾ ಟಿಪ್ಪಣಿ. ಒಂದು ಕೋರ್ಸ್‌ನ 40% ವರೆಗೆ ಆನ್‌ಲೈನ್‌ನಲ್ಲಿ, ಉಳಿದದ್ದು ತರಗತಿಯಲ್ಲಿ ಕಲಿಸಬಹುದು ಎಂದು ಅದು ಸೂಚಿಸಿತು. 'ವರೆಗೆ' ಎಂಬ ಪದ ಮುಖ್ಯ. ಅದು ಗರಿಷ್ಠ ಮಿತಿ. ಇಷ್ಟು ಮಾಡಲೇಬೇಕು ಎಂಬ ಆದೇಶ ಅಲ್ಲ, ಕಾಲೇಜು ಮೂರು ದಿನ ಮುಚ್ಚಿ ಎಂದಂತೂ ಅಲ್ಲವೇ ಅಲ್ಲ. ಎರಡನೆಯದು ಅದೇ ವರ್ಷ ಬಂದ 'ಸ್ವಯಂ' ನಿಯಮ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯ ಆನ್‌ಲೈನ್ ಕೋರ್ಸ್‌ಗಳಿಂದ ಪಡೆಯಬಹುದಾದ ಪಾಲನ್ನು ಅದು ಹಿಂದಿನ 20%ರಿಂದ 40%ಗೆ ಏರಿಸಿತು. ಒಂದು ನಿಮ್ಮ ಕಾಲೇಜಿನ ಉಪನ್ಯಾಸಕರೇ ಮಾಡುವ ಪಾಠದ ಮಾತು, ಇನ್ನೊಂದು ಹೊರಗಿನ ಕೋರ್ಸ್‌ನ ಕ್ರೆಡಿಟ್ ಮಾತು. ನಾವು ಇಲ್ಲಿ ನೋಡುತ್ತಿರುವುದು ಮೊದಲನೆಯದನ್ನು.

ಒಂದು ಗಂಟೆಯ ಲೈವ್ ಕ್ಲಾಸ್‌ಗೆ ಎಷ್ಟು ಡೇಟಾ?

ಲೆಕ್ಕ ಸುಲಭ, ನೀವೇ ಹಾಕಬಹುದು. ವಿಡಿಯೊ ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಹರಿಯುತ್ತಿದೆ ಎಂದುಕೊಳ್ಳಿ. ಸಾಧಾರಣ ಗುಣಮಟ್ಟದ ಚಿತ್ರಕ್ಕೆ ಇದು ಅತಿಯೇನಲ್ಲ. ಗಂಟೆಗೆ 3600 ಸೆಕೆಂಡ್, ಅಂದರೆ 3600 ಮೆಗಾಬಿಟ್. 8 ಬಿಟ್ ಸೇರಿದರೆ 1 ಬೈಟ್, ಹಾಗಾಗಿ 450 ಎಂಬಿ. ದಿನಕ್ಕೆ ನಾಲ್ಕು ಕ್ಲಾಸ್ ಆದರೆ 1800 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ನಾಲ್ಕನೇ ಕ್ಲಾಸ್ ಅರ್ಧದಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಒಂದೇ ಫೋನ್ ಇದ್ದು, ತಂಗಿಗೂ ಅದೇ ಬೇಕಾದರೆ ಇನ್ನೂ ಬೇಗ.

ಈಗ ಅದೇ ಪಾಠದ ತಿರುಳನ್ನು ಉಪನ್ಯಾಸಕರು 10 ನಿಮಿಷ ಮಾತಾಡಿ ಆಡಿಯೊ ಮಾಡಿ ಕಳಿಸಿದರು ಎನ್ನೋಣ. ಮಾತಿಗೆ ಸೆಕೆಂಡಿಗೆ 32 ಕಿಲೋಬಿಟ್ ಸಾಕು. 600 ಸೆಕೆಂಡ್‌ಗೆ 19,200 ಕಿಲೋಬಿಟ್, ಅಂದರೆ 2.4 ಎಂಬಿ. ಒಂದು ಲೈವ್ ಕ್ಲಾಸ್‌ನ ಡೇಟಾದಲ್ಲಿ ಇಂಥ 180ಕ್ಕೂ ಹೆಚ್ಚು ಆಡಿಯೊ ಬರುತ್ತವೆ. ಜೊತೆಗೆ ಸಿಗ್ನಲ್ ಬಂದಾಗ ಇಳಿಸಿಕೊಂಡು, ಬಸ್ಸಿನಲ್ಲಿ ಕೇಳಿ, ಅರ್ಥವಾಗದಿದ್ದರೆ ಹಿಂದೆ ಓಡಿಸಿ ಮತ್ತೆ ಕೇಳಬಹುದು. ಲೈವ್‌ನಲ್ಲಿ ಸಿಗ್ನಲ್ ಹೋದ ಐದು ನಿಮಿಷ ಹೋದದ್ದೇ.

ಹಾಗೆಂದು ಲೈವ್ ಬೇಡವೇ ಬೇಡ ಎನ್ನುತ್ತಿಲ್ಲ. ಸಂದೇಹ ಕೇಳಲು ವಾರಕ್ಕೊಮ್ಮೆ 30 ನಿಮಿಷ ಸೇರುವುದಕ್ಕೆ ಅದು ಚೆನ್ನಾಗಿದೆ. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ನಿಲ್ಲುತ್ತದೆ. ಗೂಗಲ್ ಮೀಟ್‌ನ ಉಚಿತ ವೈಯಕ್ತಿಕ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷ. ಎರಡೂ ಸಾಕು. ವಿದ್ಯಾರ್ಥಿಗಳ ಕ್ಯಾಮೆರಾ ಆಫ್ ಇರಲಿ. ಕ್ಯಾಮೆರಾ ಆನ್ ಮಾಡದಿದ್ದರೆ ಹಾಜರಿ ಇಲ್ಲ ಎನ್ನುವವರು ಈ 450 ಎಂಬಿ ಲೆಕ್ಕವನ್ನು ಒಮ್ಮೆ ನೋಡಬೇಕು.

ಚಿತ್ರ, ಗ್ರಾಫ್, ಪ್ರಯೋಗ ತೋರಿಸಬೇಕಾದಲ್ಲಿ ವಿಡಿಯೊ ಬೇಕೇ ಬೇಕು. ಆಗ ಚಿಕ್ಕದಾಗಿ ಮಾಡಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ವೇದಿಕೆಯ ನಾಲ್ಕು ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಸಾಮಾನ್ಯ ವೀಕ್ಷಕ ನಿಲ್ಲುವುದು ಹೆಚ್ಚೆಂದರೆ 6 ನಿಮಿಷ ಎಂದು ಕಂಡುಬಂತು. ಅವರು ತಾವಾಗಿ ಕೋರ್ಸ್ ಸೇರಿದವರು, ಇಂಟರ್ನಲ್ಸ್ ಭಯ ಇರುವ ನಮ್ಮ ವಿದ್ಯಾರ್ಥಿಗಳು ಸ್ವಲ್ಪ ಹೆಚ್ಚು ಹೊತ್ತು ಕೂರಬಹುದು. ಆದರೂ 50 ನಿಮಿಷದ ತರಗತಿಯನ್ನು ಹಾಗೇ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಿದರೆ ಯಾರು ಪೂರ್ತಿ ನೋಡುತ್ತಾರೆ? ಫೋನ್‌ನಲ್ಲೇ ಇರುವ ಸ್ಕ್ರೀನ್ ರೆಕಾರ್ಡರ್ ಅಥವಾ ಕಂಪ್ಯೂಟರ್‌ನಲ್ಲಿ ಉಚಿತ ಒಬಿಎಸ್ ಸ್ಟುಡಿಯೊ ಸಾಕು. ಬೇರೆ ಎಡಿಟಿಂಗ್ ಆ್ಯಪ್ ಹುಡುಕುತ್ತಾ ಕೂರಬೇಡಿ.

ನಿಜವಾಗಿ ಕೆಲಸ ಮಾಡುವ ಉಪಕರಣ: ಐದು ಪ್ರಶ್ನೆ

ನಮ್ಮನ್ನು ಕೇಳಿದರೆ, 50 ಆ್ಯಪ್‌ಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ, ಗೂಗಲ್ ಫಾರ್ಮ್ಸ್ ಎನ್ನುತ್ತೇವೆ. ನೋಡಲು ಸಪ್ಪೆ. ಆದರೆ ಹಗುರ, ಫೋನ್‌ನಲ್ಲಿ ತೆರೆಯುತ್ತದೆ, ಕ್ವಿಜ್ ಎಂದು ಸೆಟ್ ಮಾಡಿದರೆ ಉತ್ತರಗಳನ್ನು ತಾನೇ ತಿದ್ದುತ್ತದೆ.

ಬಿ.ಕಾಂ. ತರಗತಿಯ ಉದಾಹರಣೆ ನೋಡೋಣ. 60 ವಿದ್ಯಾರ್ಥಿಗಳು, ವಿಷಯ ಬ್ರೇಕ್-ಈವನ್ ಪಾಯಿಂಟ್, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ. ಹಿಂದಿನ ದಿನ 8 ನಿಮಿಷದ ಆಡಿಯೊ, ಒಂದು ಪುಟ ನೋಟ್ಸ್ ಹೋಗಿದೆ. ಅದರ ಕೆಳಗೆ ಪ್ರಶ್ನೆ: ಚಕ್ಕುಲಿ ಮಾಡಿ ಮಾರುವ ಒಂದು ಘಟಕಕ್ಕೆ ಬಾಡಿಗೆ, ಸಂಬಳ ಸೇರಿ ತಿಂಗಳಿಗೆ 20,000 ರೂಪಾಯಿ ಸ್ಥಿರ ವೆಚ್ಚ. ಪ್ಯಾಕೆಟ್‌ನ ಬೆಲೆ 50 ರೂಪಾಯಿ, ಅದಕ್ಕೆ ಹಿಟ್ಟು, ಎಣ್ಣೆ, ಪ್ಯಾಕಿಂಗ್ ಎಲ್ಲ ಸೇರಿ 30 ರೂಪಾಯಿ. ಎಷ್ಟು ಪ್ಯಾಕೆಟ್ ಮಾರಿದರೆ ಅಸಲು ಹುಟ್ಟುತ್ತದೆ?

ಸರಿ ಉತ್ತರ 1000. ಪ್ರತಿ ಪ್ಯಾಕೆಟ್‌ನಿಂದ ಉಳಿಯುವುದು 20 ರೂಪಾಯಿ, 20,000ವನ್ನು ಅದರಿಂದ ಭಾಗಿಸಬೇಕು. ಆದರೆ ಕ್ವಿಜ್‌ನ ಜಾಣತನ ಇರುವುದು ತಪ್ಪು ಆಯ್ಕೆಗಳಲ್ಲಿ. ಒಂದು ಆಯ್ಕೆ 400 ಇರಲಿ. ಅದನ್ನು ಒತ್ತಿದವರು 20,000ವನ್ನು ನೇರವಾಗಿ 50ರಿಂದ ಭಾಗಿಸಿದ್ದಾರೆ, ಹಿಟ್ಟು ಎಣ್ಣೆಯ ಖರ್ಚನ್ನು ಮರೆತಿದ್ದಾರೆ. ಇನ್ನೊಂದು 667 ಇರಲಿ. ಅದನ್ನು ಒತ್ತಿದವರು 30ರಿಂದ ಭಾಗಿಸಿದ್ದಾರೆ, ಖರ್ಚನ್ನೇ ಆದಾಯ ಎಂದುಕೊಂಡಿದ್ದಾರೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಫಾರ್ಮ್‌ನ ಸಾರಾಂಶ ನೋಡಿದರೆ ಸಾಕು. 60ರಲ್ಲಿ 25 ಮಂದಿ 400 ಒತ್ತಿದ್ದರೆ ಇವತ್ತಿನ ತರಗತಿ ಎಲ್ಲಿಂದ ಶುರುವಾಗಬೇಕು ಎಂಬುದು ಉಪನ್ಯಾಸಕರಿಗೆ ಗೊತ್ತಾಗಿರುತ್ತದೆ. ಬೋರ್ಡ್ ಮೇಲೆ ವ್ಯಾಖ್ಯೆ ಬರೆಸುವ ಅರ್ಧ ಗಂಟೆ ಉಳಿಯಿತು, ಆ ಹೊತ್ತಿನಲ್ಲಿ ಲೆಕ್ಕ ಬಿಡಿಸಬಹುದು. ಪಾಠವನ್ನು ಭಾಗಶಃ ಆನ್‌ಲೈನ್‌ಗೆ ಒಯ್ಯುವುದು ಎಂದರೆ ನಮ್ಮ ದೃಷ್ಟಿಯಲ್ಲಿ ಇದೇ: ಒಬ್ಬರೇ ಮಾಡಬಹುದಾದದ್ದು ಫೋನ್‌ಗೆ, ಜೊತೆಗೆ ಕೂತು ಮಾಡಬೇಕಾದದ್ದು ತರಗತಿಗೆ.

ಪ್ರಶ್ನೆ ಕೇಳುವುದರಿಂದ ಇನ್ನೊಂದು ಲಾಭವೂ ಇದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು, ಇನ್ನು ಕೆಲವರು ಓದಿದ್ದನ್ನು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಬೇಗ ಮರೆತುಹೋಗುವುದು ಯಾಕೆ ಎಂಬುದಕ್ಕೂ ಇಲ್ಲಿ ಒಂದು ಸುಳಿವಿದೆ.

ಒಂದು ಎಚ್ಚರ: ಈ ಕ್ವಿಜ್‌ಗೆ ದೊಡ್ಡ ಅಂಕ ಇಡಬೇಡಿ. ಇಟ್ಟ ಕೂಡಲೇ ಉತ್ತರಗಳು ಇನ್ನೊಂದು ಗ್ರೂಪ್‌ನಲ್ಲಿ ಸಿಗುತ್ತವೆ, 60ಕ್ಕೆ 60 ಮಂದಿಯೂ 1000 ಒತ್ತುತ್ತಾರೆ, ಉಪನ್ಯಾಸಕರಿಗೆ ಏನೂ ತಿಳಿಯುವುದಿಲ್ಲ.

ನೋಟ್ಸ್ ಕಳಿಸುವಾಗ ನುಡಿ ಅಕ್ಷರದ ತೊಂದರೆ

ಕನ್ನಡದಲ್ಲಿ ಪಾಠ ಮಾಡುವವರಿಗೆ ಮಾತ್ರ ಇರುವ, ಇಂಗ್ಲಿಷ್ ಪಟ್ಟಿಗಳಲ್ಲಿ ಎಂದೂ ಬಾರದ ಸಮಸ್ಯೆ ಇದು. ಕಾಲೇಜಿನ ಕಂಪ್ಯೂಟರ್‌ನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್, ವಿದ್ಯಾರ್ಥಿಯ ಫೋನ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಫೋನ್‌ನಲ್ಲಿ ಆ ಫಾಂಟ್ ಇರುವುದಿಲ್ಲ. ಪಿಡಿಎಫ್ ಮಾಡಿ ಕಳಿಸಿದರೆ ಕಣ್ಣಿಗೆ ಸರಿ ಕಾಣುತ್ತದೆ, ಆದರೆ ಒಂದು ಪದ ಹುಡುಕಿದರೆ ಸಿಗದು. ದೃಷ್ಟಿದೋಷವುಳ್ಳ ವಿದ್ಯಾರ್ಥಿಗೆ ಓದಿ ಹೇಳುವ ಆ್ಯಪ್‌ಗೂ ಅದು ಅರ್ಥವಾಗದು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಹಳೆಯ ಫೈಲ್‌ಗಳನ್ನು ಉಚಿತ ಪರಿವರ್ತಕಗಳಿಂದ ಬದಲಿಸಿಕೊಳ್ಳಿ. ಟೈಪಿಂಗ್ ಬಾರದಿದ್ದರೆ ಗೂಗಲ್ ಡಾಕ್ಸ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ ಬರೆಸಬಹುದು, ಆಮೇಲೆ ಕಾಗುಣಿತ ತಿದ್ದಬೇಕು.

ಕೈಬರಹದ ನೋಟ್ಸ್ ಆದರೆ 20 ಪುಟವನ್ನು 20 ಫೋಟೊ ಮಾಡಿ ಕಳಿಸಬೇಡಿ. ಗೂಗಲ್ ಡ್ರೈವ್ ಆ್ಯಪ್‌ನಲ್ಲಿರುವ ಸ್ಕ್ಯಾನ್ ಆಯ್ಕೆಯಿಂದ ಒಂದೇ ಪಿಡಿಎಫ್ ಮಾಡಿ. ಓದಲು ಸ್ಪಷ್ಟ, ಗಾತ್ರವೂ ಕಡಿಮೆ.

ವಾಟ್ಸ್‌ಆ್ಯಪ್ ಗ್ರೂಪ್ ಸಾಕಲ್ಲವೇ?

ಸುಲಭ, ಎಲ್ಲರ ಬಳಿಯೂ ಇದೆ, ನಿಜ. ಆದರೆ ಗ್ರೂಪ್‌ಗೆ ಸೇರಿಸಿದ ಕೂಡಲೇ ಪ್ರತಿ ಹುಡುಗಿಯ ನಂಬರ್ ತರಗತಿಯ ಎಲ್ಲರ ಕೈಗೂ ಹೋಗುತ್ತದೆ. ರಾತ್ರಿ ಬರುವ 'ಹಾಯ್'ಗಳಿಗೆ ಬೇಸತ್ತು ಗ್ರೂಪ್ ಬಿಡುವವರು, ಮನೆಯವರ ಕಣ್ಣಿಗೆ ಬಿದ್ದು ಫೋನನ್ನೇ ಕಳೆದುಕೊಳ್ಳುವವರು ಇರಬಹುದು. ನಂಬರ್ ಹಂಚಿದವರು ನಾವು, ಪಾಠ ತಪ್ಪುವುದು ಅವರಿಗೆ. ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಫೋನ್ ನಂಬರ್ ಯಾರಿಗೂ ಕಾಣುವುದಿಲ್ಲ, ನೋಟ್ಸ್, ಅಸೈನ್‌ಮೆಂಟ್, ಕ್ವಿಜ್ ಒಂದೇ ಕಡೆ ಉಳಿಯುತ್ತವೆ. ವಾಟ್ಸ್‌ಆ್ಯಪ್ಪೇ ಬೇಕೆಂದರೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಸಿಗದು. ಆದರೆ ಉಪನ್ಯಾಸಕರ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ, ಇದನ್ನು ಮೊದಲ ದಿನವೇ ಹೇಳಿಬಿಡಿ.

ಕಾಲೇಜಿಗೆ ತನ್ನದೇ ಸರ್ವರ್, ಅದನ್ನು ನೋಡಿಕೊಳ್ಳುವ ಒಬ್ಬರು ಇದ್ದರೆ ಮೂಡಲ್ ಒಳ್ಳೆಯದು. ಅದರ ಆ್ಯಪ್‌ನಲ್ಲಿ ಪಾಠವನ್ನು ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಓದಬಹುದು. ನೋಡಿಕೊಳ್ಳುವವರು ಇಲ್ಲದಿದ್ದರೆ ಆ ದಾರಿ ಬೇಡ. ಸರ್ಕಾರಿ ಕಾಲೇಜುಗಳಿಗಾಗಿ ರಾಜ್ಯ ಸರ್ಕಾರವೇ 2021ರಲ್ಲಿ ಎಲ್‌ಎಂಎಸ್ ಆರಂಭಿಸಿದೆ, ಹೊಸದನ್ನು ಕಟ್ಟುವ ಮೊದಲು ಅದರಲ್ಲಿ ನಿಮ್ಮ ವಿಷಯ ಇದೆಯೇ ನೋಡಿ. ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್ ಪಾಠಗಳಿವೆ. ಕೆಲವು ಕೋರ್ಸ್‌ಗಳ ಪಠ್ಯ ಕನ್ನಡಕ್ಕೂ ಬಂದಿದೆ.

ಇನ್ನು ಫೋನ್ ಇಲ್ಲದವರು

ಈ ಗುಂಪಿನ ಮೇಲೆಯೇ ಮೋಸದ ಫಾರ್ವರ್ಡ್‌ಗಳ ಕಣ್ಣು. ಆನ್‌ಲೈನ್ ಕ್ಲಾಸ್‌ಗಾಗಿ ಸರ್ಕಾರದಿಂದ ಉಚಿತ ಲ್ಯಾಪ್‌ಟಾಪ್, ಉಚಿತ ರೀಚಾರ್ಜ್, ಲಿಂಕ್ ಒತ್ತಿ ಹೆಸರು ನೋಂದಾಯಿಸಿ ಎನ್ನುತ್ತವೆ. ಉಚಿತ ಲ್ಯಾಪ್‌ಟಾಪ್ ಸಂದೇಶಗಳನ್ನು ಪಿಐಬಿ ಫ್ಯಾಕ್ಟ್ ಚೆಕ್ ಹಲವು ಬಾರಿ ಸುಳ್ಳು ಎಂದು ಹೇಳಿದೆ. ನಿಜವಾದ ಯೋಜನೆಯ ಮಾಹಿತಿ ಕಾಲೇಜಿನ ಕಚೇರಿಯಲ್ಲೂ ಸಿಗುತ್ತದೆ. ಓಟಿಪಿ ಅಥವಾ 'ಹತ್ತು ಜನರಿಗೆ ಕಳಿಸಿ' ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಎಷ್ಟು ಜನರ ಬಳಿ ಫೋನ್ ಇದೆ ಎಂದು ತಿಳಿಯಲು ಗೂಗಲ್ ಫಾರ್ಮ್ ಕಳಿಸುವುದೂ ಉಂಟು. ಉತ್ತರ ಕೊಡುವವರೆಲ್ಲರ ಬಳಿಯೂ ಫೋನ್ ಇದ್ದೇ ಇರುತ್ತದಲ್ಲ! ಇಲ್ಲದವರು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಈ ಸಮೀಕ್ಷೆ ಕಾಗದದಲ್ಲೇ ಆಗಬೇಕು, ತರಗತಿಯಲ್ಲಿ, ಹೆಸರು ಬರೆಸದೆ: ಸ್ವಂತ ಫೋನ್ ಇದೆಯೇ, ಮನೆಯವರದ್ದೇ, ದಿನಕ್ಕೆ ಎಷ್ಟು ಡೇಟಾ, ಸಿಗ್ನಲ್ ಎಲ್ಲಿ ಸಿಗುತ್ತದೆ. 60ರಲ್ಲಿ ಐದು ಮಂದಿಗೆ ಏನೂ ಇಲ್ಲ ಎಂದು ಗೊತ್ತಾದರೆ ಅದೇ ಆಡಿಯೊ, ಅದೇ ನೋಟ್ಸ್ ಗ್ರಂಥಾಲಯದ ಒಂದು ಕಂಪ್ಯೂಟರ್‌ನಲ್ಲೂ ಇರಲಿ, ಐದು ಪ್ರಶ್ನೆಗಳ ಒಂದು ಪ್ರಿಂಟ್ ಪಕ್ಕದಲ್ಲೇ ಇರಲಿ. ಮಧ್ಯಾಹ್ನದ ಬಿಡುವಿನಲ್ಲಿ ಬಂದು ಕೇಳಿ, ಉತ್ತರ ಬರೆದಿಟ್ಟು ಹೋಗಬಹುದು.